ಡಯಾನಾ ಆಥಿಲ್ ದನಿ ಕೇಳೋಕೆ ದುಡ್ಡು ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಪುಸ್ತಕ ವಿಮರ್ಶೆ ಅಲ್ಲ. ಎರಡು ಸೇವೆಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪುಕ್ಕಟೆ. ಇನ್ನೊಂದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೆ. ಎರಡರಲ್ಲೂ ನಾನು ಹುಡುಕಿಕೊಂಡು ಹೋದದ್ದು ಒಬ್ಬರನ್ನೇ, ಲಂಡನ್ನಿನ ಸಂಪಾದಕಿ ಮತ್ತು ಲೇಖಕಿ ಡಯಾನಾ ಆಥಿಲ್ ಅವರನ್ನು. 1917ರ ಡಿಸೆಂಬರಿನಲ್ಲಿ ಹುಟ್ಟಿದವರು, 2019ರ ಜನವರಿ 23ರಂದು ತೀರಿಕೊಂಡರು. ಅಂದರೆ 101 ತುಂಬಿತ್ತು. ಅವರ ಪುಸ್ತಕ ಓದಿದವರು ಕೆಲವರಾದರೂ ಇಲ್ಲಿ ಇರಬಹುದು, ಆದರೆ ಅವರ ದನಿ ಕೇಳಿದವರು ಎಷ್ಟು ಜನ? ನಾನೂ ಮೊನ್ನೆ ಮೊನ್ನೆವರೆಗೆ ಕೇಳಿರಲಿಲ್ಲ. ಕೇಳದೇ ಇದ್ದದ್ದರಿಂದ ಅವರ ಪುಸ್ತಕಗಳನ್ನು ಅರ್ಧ ಮಾತ್ರ ಓದಿದ್ದೆ ಅಂತ ಈಗ ಅನಿಸುತ್ತಿದೆ.

ಶುರುವಾದದ್ದು ಸೋಮಾರಿತನದಿಂದ. 'ಸ್ಟೆಟ್' ಅನ್ನೋ ಅವರ ಪುಸ್ತಕವನ್ನು ಹಿಂದೆ ಓದಿದ್ದೆ. 2000ದಲ್ಲಿ ಬಂದದ್ದು, ಐವತ್ತು ವರ್ಷದ ಪ್ರಕಾಶನ ಕೆಲಸದ ನೆನಪು. ಸ್ಟೆಟ್ ಅಂದರೆ ಕರಡು ತಿದ್ದುವವರು ಹೊಡೆದುಹಾಕಿದ ಪದದ ಕೆಳಗೆ ಚುಕ್ಕಿ ಇಟ್ಟು ಬರೆಯುವ ಗುರುತು. 'ಹೊಡೆದದ್ದು ತಪ್ಪಾಯ್ತು, ಇದ್ದಂತೆ ಇರಲಿ ಬಿಡಿ' ಅಂತ ಅರ್ಥ. ಅದನ್ನು ಮತ್ತೊಮ್ಮೆ ಓದಬೇಕು ಅನಿಸಿತು, ಕಣ್ಣಿಗೆ ಬೇಡ ಅನಿಸಿತು, ಹಾಗಾಗಿ ಇ-ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಆಪ್ ಹಾಕಿಕೊಂಡೆ. ಹೆಸರು ಬೇಡ. ಜಾಹೀರಾತಿನಲ್ಲಿ 'ಮನುಷ್ಯರ ದನಿಯಷ್ಟೇ ಸಹಜ' ಅಂತ ಇತ್ತು.

ದನಿಗಳ ಪಟ್ಟಿ ಉದ್ದಕ್ಕಿತ್ತು. 'ಬ್ರಿಟಿಷ್ ಮಹಿಳೆ' ಅಂತಲೇ ನಾಲ್ಕು. ಅದರಲ್ಲಿ ವಯಸ್ಸಾದವರದು ಅನಿಸಿದ ಒಂದನ್ನು ಆರಿಸಿಕೊಂಡೆ. ಉಚ್ಚಾರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒಂದು ಪದವೂ ಎಡವಲಿಲ್ಲ. ತೊಂದರೆ ಏನಪ್ಪಾ ಅಂದರೆ ಪ್ರತಿ ವಾಕ್ಯವೂ ಒಂದೇ ಕಡೆಯಿಂದ ಹತ್ತಿ ಒಂದೇ ಕಡೆ ಇಳಿಯುತ್ತಿತ್ತು. ಸಾವಿನ ಸುದ್ದಿಯೂ ಅದೇ ರಾಗ, ಹಾಸ್ಯವೂ ಅದೇ ರಾಗ. ರೈಲು ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಅಂತ ಹೇಳುವ ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. ವಿ. ಎಸ್. ನೈಪಾಲ್ ಅವರ ಮೊದಲ ಪುಸ್ತಕ 1957ರಲ್ಲಿ ಬಂದದ್ದು ಆಥಿಲ್ ಕೆಲಸ ಮಾಡುತ್ತಿದ್ದ ಆಂದ್ರೆ ಡಾಯ್ಚ್ ಪ್ರಕಾಶನದಿಂದ. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಈಕೆಯೇ ಅವರ ಸಂಪಾದಕಿ. ನೈಪಾಲ್ ಜೊತೆ ಏಗುವುದು ಎಂಥ ಕಷ್ಟ ಅಂತ ಪುಟಗಟ್ಟಲೆ ಬರೆದು, ಮನಸ್ಸು ಕುಗ್ಗಿದಾಗಲೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಒಂದು ಮಾತನ್ನು ಆಕೆ ನಡುವೆ ತಂದಿಡುತ್ತಾರೆ: ಸದ್ಯ, ನಾನು ವಿದಿಯಾನ (ನೈಪಾಲರನ್ನು ಆಪ್ತರು ಕರೆಯುತ್ತಿದ್ದದ್ದು ಹಾಗೆ) ಹೆಂಡತಿ ಅಲ್ಲವಲ್ಲ! ಓದುವಾಗ ಇಲ್ಲಿ ಜೋರಾಗಿ ನಕ್ಕಿದ್ದೆ. ಆಪ್ ಈ ಸಾಲನ್ನು ದಾಟಿ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ವಾಪಸ್ ಬಂದು ಕೇಳಿದೆ. ಆಗಲೂ ನಗು ಬರಲಿಲ್ಲ. ಸರಿ, ಓದುವವರು ಯಾರೂ ಇಲ್ಲದ ಓದು ಇದು ಅಂತ ಅನಿಸಿ ನಿಲ್ಲಿಸಿದೆ.

ಹಾಗಾದರೆ ಆಕೆ ನಿಜಕ್ಕೂ ಹೇಗೆ ಮಾತಾಡುತ್ತಿದ್ದರು? ಹುಡುಕಿದಾಗ ಸಿಕ್ಕಿದ್ದು ವೆಬ್ ಆಫ್ ಸ್ಟೋರೀಸ್. ಇದು ಜನ ತಮ್ಮ ಬದುಕಿನ ಕತೆಯನ್ನು ಕ್ಯಾಮೆರಾ ಮುಂದೆ ತಾವೇ ಹೇಳಿರುವ ವಿಡಿಯೊಗಳ ಸಂಗ್ರಹ. ಮೊದಲು ವಿಜ್ಞಾನಿಗಳಿಂದ ಶುರು ಮಾಡಿದರು. ಫ್ರಾನ್ಸಿಸ್ ಕ್ರಿಕ್, ಫ್ರೀಮನ್ ಡೈಸನ್ ಅಂಥವರು. ಆಮೇಲೆ ಬರಹಗಾರರೂ ಬಂದರು. ಫಿಲಿಪ್ ರಾತ್ ಇದ್ದಾರೆ, ಡೋರಿಸ್ ಲೆಸಿಂಗ್ ಇದ್ದಾರೆ. ಆಥಿಲ್ ಅವರದು 2008ರಲ್ಲಿ ಚಿತ್ರಿಸಿದ್ದು, ಅಂದರೆ ಅವರಿಗೆ ಆಗ 90. ಎದುರು ಕೂತವರು ಕ್ರಿಸ್ಟೊಫರ್ ಸೈಕ್ಸ್, ಹಿಂದೆ ಭೌತವಿಜ್ಞಾನಿ ಫೈನ್‌ಮನ್ ಬಗ್ಗೆ ಚಿತ್ರ ಮಾಡಿದ್ದವರು. ಇಲ್ಲಿ ಅವರನ್ನು ಸಂದರ್ಶಕ ಅನ್ನದೆ 'ಕೇಳುಗ' ಅಂತ ಹಾಕಿದ್ದಾರೆ. ಇದು ನನಗೆ ತುಂಬ ಹಿಡಿಸಿತು. ನಮ್ಮ ಟಿವಿ ಸಂದರ್ಶನಗಳಲ್ಲಿ ಪ್ರಶ್ನೆ ಕೇಳುವವರೇ ಜಾಸ್ತಿ ಮಾತಾಡುತ್ತಾರೆ, ಅಲ್ವಾ?

ದುಡ್ಡು ಇಲ್ಲ. ಎಲ್ಲವೂ ಸಣ್ಣ ಸಣ್ಣ ತುಂಡು, ಕೆಲವೇ ನಿಮಿಷದ್ದು. ಪಕ್ಕದಲ್ಲಿ ಆಡಿದ ಮಾತನ್ನೇ ಅಕ್ಷರಕ್ಕಿಳಿಸಿ ಕೊಟ್ಟಿದ್ದಾರೆ. ಕೆಲವರಿಗೆ ಹೀಗೆ ತುಂಡು ಮಾಡಿದ್ದು ಇಷ್ಟ ಆಗದಿರಬಹುದು. ನನಗಂತೂ ಅನುಕೂಲವೇ ಆಯಿತು, ಕುಕ್ಕರ್ ಎರಡು ಸಲ ಕೂಗುವಷ್ಟರಲ್ಲಿ ಒಂದು ಕತೆ ಮುಗಿಯುತ್ತದೆ.

ಈಗ ದನಿಯ ವಿಷಯ. ಮೊದಲ ತುಂಡು ಹಾಕಿದ ತಕ್ಷಣ ನನಗೆ ಸ್ವಲ್ಪ ಕಸಿವಿಸಿ ಆಯಿತು. ಹಳೇ ಕಪ್ಪು ಬಿಳುಪು ಇಂಗ್ಲಿಷ್ ಸಿನಿಮಾದಲ್ಲಿ ಆಳುಕಾಳುಗಳಿಗೆ ಅಪ್ಪಣೆ ಕೊಡುವ ದೊಡ್ಡಮನೆ ಹೆಂಗಸಿನ ಇಂಗ್ಲಿಷ್ ಅದು. ಗಟ್ಟಿ ಅಲ್ಲ, ಆದರೆ ಒಂದೊಂದು ಅಕ್ಷರವೂ ಇಸ್ತ್ರಿ ಮಾಡಿದ ಹಾಗೆ. ಆ ವರ್ಗದ ಹಳಬರು ಮಾತಾಡುವಾಗ 'ಆಫ್' ಅನ್ನೋದು 'ಓರ್ಫ್' ಕಡೆಗೆ ವಾಲುತ್ತದೆ. 'ಗರ್ಲ್' ಹೋಗಿ 'ಗೆಲ್' ಆಗುತ್ತದೆ. 'ಹೌಸ್' ಅನ್ನೋದು 'ಹೈಸ್'. 'ಬ್ಯಾಕ್' ಅಂದದ್ದು 'ಬೆಕ್' ಅಂತ ಕೇಳಿ ನಮ್ಮ ಕಿವಿಗೆ ಬೆಕ್ಕು ಅಡ್ಡ ಹೋದ ಹಾಗಾಗುತ್ತದೆ.

ನಮ್ಮಲ್ಲಿ ಒಬ್ಬರು ಬಾಯಿ ಬಿಟ್ಟ ಕೂಡಲೇ ಧಾರವಾಡದ ಕಡೆಯವರಾ, ಮಂಗಳೂರಿನವರಾ, ಮೈಸೂರಿನವರಾ ಅಂತ ಗೊತ್ತಾಗುತ್ತದೆ. ಜಾತಿಯನ್ನೂ ಊಹೆ ಮಾಡುವವರಿದ್ದಾರೆ, ಅದು ಬೇರೆ ಮಾತು. ಇಂಗ್ಲೆಂಡಿನಲ್ಲಿ ಊರು ಗೊತ್ತಾಗುವುದರ ಜೊತೆಗೆ ಅಪ್ಪನ ಆಸ್ತಿ ಎಷ್ಟು, ಯಾವ ಥರದ ಶಾಲೆಗೆ ಹೋಗಿದ್ದು ಅನ್ನೋದೂ ಬಾಯಲ್ಲೇ ಗೊತ್ತಾಗುತ್ತಿತ್ತು. ಇದು ಎಷ್ಟು ಗಟ್ಟಿ ಕೂತಿತ್ತು ಅಂದರೆ 1941ರಲ್ಲಿ ಬಿಬಿಸಿ ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸ್ ಊರಿನ ವಿಲ್ಫ್ರೆಡ್ ಪಿಕಲ್ಸ್ ಅನ್ನೋರಿಂದ ಇಡೀ ದೇಶಕ್ಕೆ ಸುದ್ದಿ ಓದಿಸಿದಾಗ, ಅವರ ಆ ಉತ್ತರದ ಧಾಟಿ ಕೇಳಿ ಕೇಳುಗರು ಗಲಾಟೆ ಎಬ್ಬಿಸಿದ್ದರು. 1950ರ ದಶಕದಲ್ಲಂತೂ ಯಾವ ಪದ ಮೇಲ್ವರ್ಗದ್ದು, ಯಾವುದು ಅಲ್ಲ ಅನ್ನೋ ಚರ್ಚೆ ಅಲ್ಲಿ ದೊಡ್ಡ ತಮಾಷೆಯೂ ಆಯಿತು, ದೊಡ್ಡ ಭಯವೂ ಆಯಿತು. ಅಲನ್ ರಾಸ್ ಎಂಬ ಭಾಷಾ ಪ್ರಾಧ್ಯಾಪಕರು 1954ರಲ್ಲಿ ಬರೆದದ್ದನ್ನು ಮರುವರ್ಷ ನ್ಯಾನ್ಸಿ ಮಿಟ್‌ಫರ್ಡ್ ಎತ್ತಿಕೊಂಡು ಊರಿಗೆಲ್ಲ ಹಬ್ಬಿಸಿದರು. ಕೈಯೊರೆಸುವ ಬಟ್ಟೆಗೆ 'ನ್ಯಾಪ್‌ಕಿನ್' ಅಂದರೆ ನೀವು ದೊಡ್ಡ ಮನೆಯವರು. 'ಸರ್ವಿಯೆಟ್' ಅಂದಿರೋ, ಮುಗೀತು.

ಆ ಧಾಟಿ ಈಗ ಹೆಚ್ಚು ಕಡಿಮೆ ಹೋಗಿಬಿಟ್ಟಿದೆ. ರಾಣಿ ಎಲಿಜಬೆತ್ ಅವರೇ ಬದಲಾದರು. 1950ರ ದಶಕದ ಅವರ ಕ್ರಿಸ್‌ಮಸ್ ಭಾಷಣಗಳನ್ನು 1980ರ ದಶಕದವುಗಳ ಜೊತೆ ಹೋಲಿಸಿ ನೋಡಿದ ಸಂಶೋಧಕರು, ಅವರ ಸ್ವರಗಳು ಸಾಮಾನ್ಯ ದಕ್ಷಿಣ ಇಂಗ್ಲೆಂಡಿನವರ ಕಡೆಗೆ ಸರಿದಿವೆ ಅಂತ 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ರಾಣಿಯೇ ಬಿಟ್ಟುಕೊಟ್ಟದ್ದನ್ನು ಈ ಅಜ್ಜಿ ಬಿಟ್ಟುಕೊಟ್ಟಿರಲಿಲ್ಲ. ಬೇಕಂತ ಉಳಿಸಿಕೊಂಡದ್ದೂ ಅಲ್ಲ. ಬೆಳೆದ ಮನೆ ಹಾಗಿತ್ತು, ಬಾಯಿ ಹಾಗೇ ಕೂತಿತು, ಅಷ್ಟೇ.

ಬೆಳೆದ ಮನೆ ಅಂದರೆ ನಾರ್ಫೋಕ್ ಸೀಮೆಯ ಡಿಚಿಂಗ್‌ಹ್ಯಾಮ್ ಹಾಲ್, ಅಮ್ಮನ ತವರಿನ ದೊಡ್ಡ ಎಸ್ಟೇಟು. ಅಪ್ಪ ಸೇನೆಯಲ್ಲಿ ಅಧಿಕಾರಿ. ಕುದುರೆ, ಮನೆಗೇ ಬಂದು ಪಾಠ ಹೇಳುವ ಟೀಚರಮ್ಮ, ಆಮೇಲೆ ವಸತಿಶಾಲೆ, ಆಮೇಲೆ ಆಕ್ಸ್‌ಫರ್ಡ್. ಇಂಥ ಮನೆಯ ಹುಡುಗಿ ಮದುವೆಯಾಗಿ ಇನ್ನೊಂದು ಅಂಥದೇ ಮನೆ ಸೇರಬೇಕಿತ್ತು. ಸೇರಲಿಲ್ಲ. ಯಾಕೆ ಸೇರಲಿಲ್ಲ ಅನ್ನೋದೇ ಇವರ ಅರ್ಧ ಕತೆ.

ಈ ದನಿಯಲ್ಲಿ ಬರುವ ಮಾತಿಗೆ ಬರುತ್ತೇನೆ. ನಾನು ಕಾದದ್ದು ಠೀವಿಗೆ. ನನಗೆ ಸಿಕ್ಕಿದ್ದು ಅಡುಗೆಮನೆ ಕಟ್ಟೆ ಮೇಲೆ ಕೂತು, ಬಾಗಿಲು ಅರ್ಧ ಮುಚ್ಚಿಕೊಂಡು ಆಡುವಂಥ ಮಾತು. ಪ್ರೀತಿ, ಮೋಸ, ಹಾಸಿಗೆ, ದುಡ್ಡು, ನಾಚಿಕೆ, ದೇವರಿಲ್ಲದಿರುವುದು, ಸಾಯುವುದು, ಎಲ್ಲವನ್ನೂ ಇಸ್ತ್ರಿ ಮಾಡಿದ ಅದೇ ಸ್ವರದಲ್ಲಿ, ಸೊಪ್ಪಿಗೆ ಉಪ್ಪು ಜಾಸ್ತಿಯಾಯ್ತು ಅನ್ನುವಷ್ಟು ಸಲೀಸಾಗಿ ಹೇಳುತ್ತಾ ಹೋಗುತ್ತಾರೆ. ದನಿ ಒಂದು ಕಡೆ ಎಳೆಯುತ್ತದೆ, ಮಾತು ಇನ್ನೊಂದು ಕಡೆ. ಅವರ ಹಾಸ್ಯ ಹುಟ್ಟುವುದೇ ಆ ಎಳೆದಾಟದಲ್ಲಿ. ಪುಸ್ತಕದಲ್ಲಿ ಮಾತು ಮಾತ್ರ ಇದೆ. ಆಪ್‌ನಲ್ಲಿ ಉಚ್ಚಾರ ಮಾತ್ರ ಇತ್ತು. ಎರಡೂ ಒಟ್ಟಿಗೆ ಸಿಕ್ಕಿದ್ದು ಈ ಪುಕ್ಕಟೆ ವಿಡಿಯೊಗಳಲ್ಲಿ.

ಆ ಮದುವೆಯ ಕತೆ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಅವರ ಸಲೀಸುತನ ಅರ್ಥವಾಗುವುದಿಲ್ಲ. ಹದಿನೈದನೇ ವಯಸ್ಸಿಗೆ, ತಮ್ಮನಿಗೆ ಪಾಠ ಹೇಳಲು ಬಂದ ಹುಡುಗನ ಮೇಲೆ ಮನಸ್ಸಾಯಿತು. ಮುಂದೆ ಆತ ವಾಯುಪಡೆ ಪೈಲಟ್ ಆದ, ನಿಶ್ಚಯವೂ ಆಯಿತು, ಈಜಿಪ್ಟಿಗೆ ಹೋದ. ಅಲ್ಲಿಂದ ಕಾಗದ ಬರುವುದು ನಿಂತುಹೋಯಿತು. ಎರಡು ವರ್ಷ ಸುದ್ದಿಯೇ ಇಲ್ಲ. ಕೊನೆಗೆ ಬಂದ ಕಾಗದದಲ್ಲಿ, ನಿಶ್ಚಯದಿಂದ ನನ್ನನ್ನು ಬಿಡುಗಡೆ ಮಾಡು, ಬೇರೆಯವಳನ್ನು ಮದುವೆಯಾಗುತ್ತಿದ್ದೇನೆ ಅಂತ ಇತ್ತು. ಆಮೇಲೆ ಆತ ಯುದ್ಧದಲ್ಲಿ ಸತ್ತ. ಇದಾದ ಮೇಲೆ ಸುಮಾರು ಇಪ್ಪತ್ತು ವರ್ಷ ತನ್ನ ಬಗ್ಗೆ ತನಗೇ ನಂಬಿಕೆ ಇರಲಿಲ್ಲ ಅಂತ ಆಥಿಲ್ ಬರೆದಿದ್ದಾರೆ. ಗಾಯ ಮಾಯ್ದದ್ದು ಬರೆಯಲು ಕೂತ ಮೇಲೆ. 1958ರಲ್ಲಿ 'ಅಬ್ಸರ್ವರ್' ಪತ್ರಿಕೆಯ ಸಣ್ಣಕತೆ ಸ್ಪರ್ಧೆ ಗೆದ್ದರು, 1963ರಲ್ಲಿ 'ಇನ್‌ಸ್ಟೆಡ್ ಆಫ್ ಎ ಲೆಟರ್' ಬಂತು. ಹೆಸರಲ್ಲೇ ಕಾಗದ ಇದೆ ನೋಡಿ.

ಈ ಕತೆಯನ್ನು ಕಣ್ಣೀರು ಹಾಕಿಕೊಂಡು ಹೇಳಿದ್ದರೆ ನಾನು ಪಾಪ ಅಂದು ಮುಂದಿನದಕ್ಕೆ ಹೋಗುತ್ತಿದ್ದೆ. ಆ ಅಳೆದ, ಅವಸರವಿಲ್ಲದ ದನಿ ಇದೆಯಲ್ಲ, ಅದು ನಮ್ಮ ಕನಿಕರವನ್ನು ಹತ್ತಿರ ಬಿಟ್ಟುಕೊಳ್ಳುವುದೇ ಇಲ್ಲ.

ಪ್ರಕಾಶನದ ಕತೆಗಳು ಇನ್ನೂ ಮಜಾ. ಯುದ್ಧದ ಸಮಯದಲ್ಲಿ ಬಿಬಿಸಿಯಲ್ಲಿ ಕೆಲಸ ಮಾಡುತ್ತಿದ್ದಾಗ ಆಂದ್ರೆ ಡಾಯ್ಚ್ ಪರಿಚಯವಾದರು. ಬುಡಾಪೆಸ್ಟಿನಿಂದ ಬಂದ ಹಂಗೇರಿಯವರು, ಶತ್ರು ದೇಶದವನು ಅಂತ ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲೂ ಇಟ್ಟಿದ್ದರು. ಇಬ್ಬರ ನಡುವೆ ಸ್ವಲ್ಪ ದಿನ ಪ್ರೇಮ, ಆಮೇಲೆ ಜೀವಮಾನ ಪೂರ್ತಿ ಸ್ನೇಹ ಮತ್ತು ಜಗಳ. 1945ರಲ್ಲಿ ಅಲನ್ ವಿಂಗೇಟ್ ಅನ್ನೋ ಪ್ರಕಾಶನ, ಅದು ಕೈತಪ್ಪಿದ ಮೇಲೆ 1952ರಲ್ಲಿ ಡಾಯ್ಚ್ ಹೆಸರಿನದೇ. ವಲಸೆ ಬಂದ ಒಬ್ಬ ಯೆಹೂದಿ, ಎಸ್ಟೇಟ್ ಮನೆಯ ಒಬ್ಬ ಇಂಗ್ಲಿಷ್ ಹೆಂಗಸು. ಇವರಿಬ್ಬರು ಸೇರಿ ನೈಪಾಲ್, ಅಪ್‌ಡೈಕ್, ರಾತ್, ಮಾರ್ಡೆಕೈ ರಿಚ್‌ಲರ್, ಜೀನ್ ರೀಸ್ ಎಲ್ಲರನ್ನೂ ಒಂದೇ ಸೂರಿನಡಿ ತಂದರು.

1949ರಲ್ಲಿ ನಾರ್ಮನ್ ಮೇಲರ್ ಅವರ ಯುದ್ಧದ ಕಾದಂಬರಿ 'ದಿ ನೇಕೆಡ್ ಅಂಡ್ ದಿ ಡೆಡ್' ಇಂಗ್ಲೆಂಡಿನಲ್ಲಿ ಬಂದದ್ದು ಇವರ ಮೊದಲ ಸಂಸ್ಥೆಯಿಂದ. ಸೈನಿಕರ ಬೈಗುಳದ ಒಂದು ಪದದ ಕೊನೆಯ ಅಕ್ಷರಗಳನ್ನು ಮಾತ್ರ ಬದಲಾಯಿಸಿ ಪುಸ್ತಕದ ಉದ್ದಕ್ಕೂ ಹಾಕಿದ್ದರು. 'ಸಂಡೆ ಟೈಮ್ಸ್' ಮುಖಪುಟದಲ್ಲೇ ಕಿಡಿ ಕಾರಿತು. ವಿಷಯ ಪಾರ್ಲಿಮೆಂಟಿನವರೆಗೂ ಹೋಯಿತು. ಕೊನೆಗೆ ಅಟಾರ್ನಿ ಜನರಲ್, ಪುಸ್ತಕ ಹೊಲಸು, ಆದರೆ ಕ್ರಮ ತೆಗೆದುಕೊಳ್ಳುವುದಿಲ್ಲ ಅಂದರು. ಗಲಾಟೆಯಿಂದ ಪುಸ್ತಕಕ್ಕೆ ಲಾಭವೇ ಆಯಿತು ಅಂತ ಬೇರೆ ಹೇಳಬೇಕಾ. ಆ ಹೊಲಸು ಪುಸ್ತಕದ ಹಿಂದೆ 'ಗೆಲ್' ಅನ್ನುವ ಉಚ್ಚಾರದ ಹೆಂಗಸೊಬ್ಬರು ನಿಂತಿದ್ದರು ಅಂತ ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ 'ಸ್ಟೆಟ್'ನಲ್ಲಿ ಬರುವ ತಾಹಿತಿ ದ್ವೀಪದ ಪುಸ್ತಕದ್ದು. ಆ ದ್ವೀಪವನ್ನು ಹೊರಗಿನವರು ಕಂಡುಕೊಂಡ ಇತಿಹಾಸದ ಬಗ್ಗೆ ಒಬ್ಬರು ಬರೆದುಕೊಂಡು ಬಂದರು. ವಿಷಯ ಗಟ್ಟಿ, ಬರವಣಿಗೆ ಶೂನ್ಯ. ಆಥಿಲ್ ಸಾಲು ಸಾಲನ್ನೂ ಬಿಚ್ಚಿ ಮತ್ತೆ ಹೊಲಿದರು. ಅಡ್ಡಾದಿಡ್ಡಿ ಕಟ್ಟಿದ ಪೊಟ್ಟಣದ ಸುಕ್ಕು ಕಾಗದವನ್ನು ಪದರ ಪದರವಾಗಿ ಬಿಡಿಸಿ ಒಳಗಿನ ಒಳ್ಳೆ ಉಡುಗೊರೆಯನ್ನು ಹೊರತೆಗೆದ ಹಾಗೆ ಅಂತ ಅವರೇ ಬರೆದಿದ್ದಾರೆ. ಪುಸ್ತಕ ಬಂತು, ಒಂದು ವಿಮರ್ಶೆಯಲ್ಲಿ ಬರವಣಿಗೆಯನ್ನೂ ಹೊಗಳಿದ್ದರು. ಲೇಖಕರು ಆ ವಿಮರ್ಶೆಯನ್ನು ಕತ್ತರಿಸಿ ಇವರಿಗೆ ಕಳಿಸಿದರು. ಥ್ಯಾಂಕ್ಸ್ ಹೇಳೋಕೆ ಅಂದುಕೊಂಡಿರಾ? ಅಲ್ಲ. ನೋಡಿದಿರಾ, ನನ್ನ ಬರವಣಿಗೆ ಮೊದಲಿಂದಲೂ ಸರಿಯಾಗಿಯೇ ಇತ್ತು, ನೀವು ಸುಮ್ನೆ ಅಷ್ಟೊಂದು ರಾದ್ಧಾಂತ ಮಾಡಿದಿರಿ ಅನ್ನೋ ಧಾಟಿಯಲ್ಲಿ ಒಂದು ಚೀಟಿ ಇಟ್ಟಿದ್ದರು! ಆಥಿಲ್ ಇದಕ್ಕೆ ಸಿಟ್ಟಾಗಲಿಲ್ಲ. ಸೂಲಗಿತ್ತಿಗೆ ಯಾರೂ ಮಗುವಿನ ಹೊಗಳಿಕೆ ಕೊಡುವುದಿಲ್ಲ, ಕೊಡಬಾರದು ಕೂಡ, ಅದು ಹೆತ್ತವರಿಗೇ ಸೇರಬೇಕು ಅನ್ನೋದು ಅವರ ವಾದ. ನಮ್ಮಲ್ಲಿ ಒಂದು ಬೆನ್ನುಡಿ ಬರೆದವರೂ ವೇದಿಕೆಯಲ್ಲಿ ಕುರ್ಚಿ ಕೇಳುತ್ತಾರೆ. ಹೋಗಲಿ ಬಿಡಿ.

ಜೀನ್ ರೀಸ್ ಕತೆಯೂ ಇಂಥದೇ, ಆದರೆ ಉಸಿರು ಬಿಗಿಹಿಡಿಸುತ್ತದೆ. ಕಾದಂಬರಿ ಮುಗಿದ ಮೇಲೆ ಮೊದಲು ನಮಗೇ ತೋರಿಸಿ ಅಂತ ಪ್ರಕಾಶನ ಆಕೆಗೆ ಕೊಟ್ಟದ್ದು 25 ಪೌಂಡ್. ಕೆಲವೇ ತಿಂಗಳಲ್ಲಿ ಕೊಡುತ್ತೇನೆ ಅಂದಿದ್ದರು, ಒಂಬತ್ತು ವರ್ಷ ಹಿಡಿಯಿತು. 1964ರಲ್ಲಿ ಮುಗಿಯಿತು ಅಂತ ಶಾಂಪೇನ್ ಕುಡಿಯುವ ಲೆಕ್ಕದಲ್ಲಿ ಲಂಡನ್ನಿಗೆ ಬಂದರೆ, ರೀಸ್ ಅವರಿಗೆ ಹೃದಯಾಘಾತವಾಯಿತು. ಆಸ್ಪತ್ರೆ ಹಾಸಿಗೆಯಿಂದ ಒಂದು ಮಾತು ತೆಗೆದುಕೊಂಡರು: ಇನ್ನೂ ಕೆಲವು ಸಾಲು ಸೇರಿಸಬೇಕು, ನಾನು ಸತ್ತರೆ ಇದನ್ನು ಹೀಗೇ ಅಚ್ಚು ಹಾಕಬೇಡ. ಆಥಿಲ್ ಸರಿ ಅಂದುಬಿಟ್ಟರು. ಆಮೇಲೆ ಹಸ್ತಪ್ರತಿ ಓದಿದರೆ, ಒಂದು ಪದ ಸೇರಿಸಬೇಕಾಗಿಲ್ಲದಷ್ಟು ಚೆನ್ನಾಗಿದೆ. ಈಗ ಆಕೆ ಸತ್ತರೆ? ಮಾತು ಉಳಿಸಿಕೊಳ್ಳಬೇಕಾ, ಪುಸ್ತಕವನ್ನಾ? ಅದೃಷ್ಟಕ್ಕೆ ರೀಸ್ ಬದುಕಿದರು. 1966ರಲ್ಲಿ 'ವೈಡ್ ಸರ್ಗಾಸೊ ಸೀ' ಬಂತು.

ನೈಪಾಲ್ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. 1975ರ ಅವರ 'ಗೆರಿಲ್ಲಾಸ್' ಓದಿ, ಪಾತ್ರಗಳು ನಂಬುವ ಹಾಗಿಲ್ಲ ಅಂತ ಆಥಿಲ್ ನೇರವಾಗಿ ಹೇಳಿದರು. ನೈಪಾಲ್ ಬೇರೆ ಪ್ರಕಾಶನಕ್ಕೆ ಹೊರಟುಹೋದರು. ಇವರಿಗೆ ಮೊದಲು ಬೇಜಾರು, ಸಿಟ್ಟು. ಆಮೇಲೆ ಮೋಡ ಸರಿದು ಬಿಸಿಲು ಬಂದ ಹಾಗಾಯಿತಂತೆ, ಇನ್ನು ಮೇಲೆ ನಾನು ಈ ಮನುಷ್ಯನನ್ನು ಇಷ್ಟಪಡಬೇಕಾಗಿಲ್ಲ! ಆದರೆ ಆ ಹೊಸ ಪ್ರಕಾಶನ ತನ್ನ ಪಟ್ಟಿಯಲ್ಲಿ 'ವೆಸ್ಟ್ ಇಂಡಿಯನ್ ಕಾದಂಬರಿಕಾರ' ಅಂತ ಹಾಕಿದ್ದಕ್ಕೆ ನೈಪಾಲ್ ಮುನಿಸಿಕೊಂಡು ವಾಪಸ್ ಬಂದುಬಿಟ್ಟರು. ಬಿಸಿಲು ಹೋಯಿತು.

ಸ್ವಂತ ಬದುಕಿನಲ್ಲೂ ಆಕೆ ಆ ಎಸ್ಟೇಟ್ ಮನೆಯ ನಿಯಮದಿಂದ ಎಷ್ಟು ದೂರ ಬಂದಿದ್ದರು ನೋಡಿ. ಜಮೈಕಾದ ನಾಟಕಕಾರ ಬ್ಯಾರಿ ರೆಕರ್ಡ್ ಜೊತೆ ಪ್ರಿಮ್‌ರೋಸ್ ಹಿಲ್‌ನ ಮನೆಯಲ್ಲಿ ದಶಕಗಟ್ಟಲೆ ಇದ್ದರು, ಮದುವೆ ಇಲ್ಲದೆ. ಮುಂದೆ ಬ್ಯಾರಿಗೆ ಒಬ್ಬ ಕಿರಿಯ ಗೆಳತಿ ಸಿಕ್ಕಾಗ, ಸರಿ, ಅವಳೂ ಇಲ್ಲೇ ಇರಲಿ ಅಂದರು. ಮೂವರೂ ಒಂದೇ ಮನೆಯಲ್ಲಿ ಚೆನ್ನಾಗಿಯೇ ಇದ್ದರು. 43ನೇ ವಯಸ್ಸಿನಲ್ಲಿ ಬಸಿರಾಗಿ, ಮಗು ಇರಲಿ ಅಂತ ತೀರ್ಮಾನಿಸಿ, ಅದು ನಿಲ್ಲದೆ ಜೀವಕ್ಕೇ ಬಂದದ್ದನ್ನೂ ಬರೆದಿದ್ದಾರೆ. ಪ್ರಜ್ಞೆ ಬಂದಾಗ ಮೊದಲು ಅನಿಸಿದ್ದು ಮಗು ಹೋಯಿತಲ್ಲ ಅಂತಲ್ಲ, ನಾನು ಬದುಕಿದ್ದೀನಲ್ಲ ಅಂತ. ಇದನ್ನು ಒಪ್ಪಿಕೊಳ್ಳಲು ಎಷ್ಟು ಜನಕ್ಕೆ ಧೈರ್ಯ ಬರುತ್ತದೆ? ಕೆಲವು ಕಡೆ ನನಗೆ ಆಕೆ ಒಪ್ಪಿಗೆಯಾಗಲಿಲ್ಲ ಅನ್ನೋದೂ ನಿಜ. ಈಜಿಪ್ಟಿನ ಲೇಖಕ ವಗೀ ಘಾಲಿ ಇವರ ಮನೆಯಲ್ಲೇ ಇದ್ದು, ಅಲ್ಲೇ ಆತ್ಮಹತ್ಯೆ ಮಾಡಿಕೊಂಡರು. ಅದನ್ನೂ 1986ರಲ್ಲಿ ಪುಸ್ತಕ ಮಾಡಿದರು. ಅಷ್ಟೊಂದು ಬಿಚ್ಚಿ ಹೇಳಬೇಕಿತ್ತಾ ಅಂತ ನನಗೆ ಈಗಲೂ ಇರುಸುಮುರುಸು. ಆದರೆ ತನ್ನನ್ನೂ ಬಿಟ್ಟಿಲ್ಲ, ಅದಂತೂ ಹೌದು.

75ರ ವಯಸ್ಸಿಗೆ ಕೆಲಸ ಬಿಟ್ಟರು. ನಮ್ಮಲ್ಲಿ ಆ ವಯಸ್ಸಿಗೆ ಮೊಮ್ಮಕ್ಕಳ ಫೋಟೊ ನೋಡುತ್ತಾ ಕೂರುತ್ತಾರೆ, ಇವರಿಗೆ ಹೆಸರು ಬಂದದ್ದೇ ಆಮೇಲೆ. 'ಸಮ್‌ವೇರ್ ಟುವರ್ಡ್ಸ್ ದಿ ಎಂಡ್' ಬಂದಾಗ 90. ಅದಕ್ಕೆ ಕೋಸ್ಟಾ ಬಹುಮಾನವೂ ಬಂತು. ಅದರ ಆರಂಭದಲ್ಲಿ ಅಂಚೆಯಲ್ಲಿ ತರಿಸಿದ, ಮರದಂತೆ ಬೆಳೆಯುವ ಜರಿಗಿಡವೊಂದು ಬರುತ್ತದೆ. ಮರ ಬರುತ್ತದೆ ಅಂದುಕೊಂಡರೆ ಬಂದದ್ದು ಪುಟ್ಟ ಕುಂಡದಲ್ಲಿ ನಾಲ್ಕು ಎಲೆ. ಇದು ಮರವಾಗೋದನ್ನು ನಾನು ನೋಡಲ್ಲ ಅನ್ನೋದು ತಕ್ಷಣ ಹೊಳೆಯಿತು. ಆದರೂ ಸಾಕಿದರು. ಹೈಗೇಟ್‌ನ ವೃದ್ಧಾಶ್ರಮಕ್ಕೆ ಹೋದ ಮೇಲೂ ಅಷ್ಟೇ, ತೊಂಬತ್ತು ದಾಟಿದ ಇತರ ಅಜ್ಜಿಯರ ಜೊತೆ ಸೇರಿ ಗುಲಾಬಿ ಗಿಡ ನೆಡಲು ಹೋಗಿದ್ದರು. ಮುಪ್ಪಿನ ಬಗ್ಗೆ ಮಾತಾಡಿದ್ದನ್ನು ಕೇಳುವಾಗ ನನಗೆ ಸಮಾಧಾನವೇನೂ ಆಗಲಿಲ್ಲ. ಭಯ ಸ್ವಲ್ಪ ಕಡಿಮೆಯಾಯಿತು.

ಕೆಲವು ಕಿವಿಮಾತು, ಇದು ಸೇವೆಯ ವಿಮರ್ಶೆ ಅಂತ ಶುರು ಮಾಡಿದ್ದೇನಲ್ಲ. ವಿಡಿಯೊ ನೋಡುವಾಗ ಸಂಗ್ರಹದವರೇ ಕೊಟ್ಟ ಬರಹ ಇರುವ ಕಡೆ ನೋಡಿ. ಯಂತ್ರ ತಾನಾಗಿ ಬರೆಯುವ ಅಡಿಬರಹ ನಂಬಿದರೆ ಕೆಟ್ಟಿರಿ, ಆ ಹಳೇ ಸ್ವರ ಅದಕ್ಕೆ ಅರ್ಥವೇ ಆಗುವುದಿಲ್ಲ. ನನ್ನ ಫೋನಿನಲ್ಲಿ ಡಾಯ್ಚ್ ಹೋಗಿ 'ಡಚ್' ಆದರು, ಜೀನ್ ರೀಸ್ ಒಂದು ಕಡೆ 'ಗ್ರೀನ್ ರೈಸ್' ಆಗಿ ತಟ್ಟೆಗೆ ಬಂದರು. ವೇಗ ಹೆಚ್ಚಿಸಬೇಡಿ. ನಾನು ರೂಢಿಯಂತೆ ಒಂದೂಕಾಲು ಪಟ್ಟು ಇಟ್ಟೆ, ಆಕೆ ಅವಸರದ ಟೀಚರ್ ಥರ ಆಗಿಬಿಟ್ಟರು. ವಾಕ್ಯದ ನಡುವೆ ಒಂದು ಕ್ಷಣ ನಿಲ್ಲುತ್ತಾರಲ್ಲ, ಅಲ್ಲೇ ಇರೋದು ಎಲ್ಲ. ಇಂಗ್ಲಿಷ್ ಕೇಳಿ ಅಭ್ಯಾಸ ಇಲ್ಲದವರಿಗೂ ಕಷ್ಟವಾಗದು. ಈಗಿನ ಇಂಗ್ಲಿಷ್ ಸರಣಿಗಳ ಗೊಣಗಾಟಕ್ಕಿಂತ ಇದು ಎಷ್ಟೋ ವಾಸಿ. ಒಂದೇ ದಿನ ಎಲ್ಲ ತುಂಡನ್ನೂ ಮುಗಿಸಬೇಡಿ. ಮೊದಲು ಬಾಲ್ಯದ್ದು, ಆಮೇಲೆ ಪ್ರಕಾಶನದ್ದು ಕೇಳಿ, ನಡುವೆ ಬಿಟ್ಟು 'ಸ್ಟೆಟ್' ಓದಿ, ಮತ್ತೆ ವಾಪಸ್ ಬನ್ನಿ. ಬಿಬಿಸಿ 2010ರಲ್ಲಿ ಇವರ ಮೇಲೆ 'ಗ್ರೋಯಿಂಗ್ ಓಲ್ಡ್ ಡಿಸ್‌ಗ್ರೇಸ್‌ಫುಲಿ' ಅಂತ ಒಂದು ಚಿತ್ರವನ್ನೂ ಮಾಡಿದೆ, ಮರ್ಯಾದೆ ಬಿಟ್ಟು ಮುದುಕಿಯಾಗುವುದು ಅಂತ ಇಟ್ಟುಕೊಳ್ಳಿ. ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ಅಂಕ ಕೊಡಲೇಬೇಕು ಅಂದರೆ, ಆ ಪುಕ್ಕಟೆ ಸಂಗ್ರಹಕ್ಕೆ 5ಕ್ಕೆ 5. ಓದಿ ಹೇಳುವ ಆಪ್‌ಗೆ ಎರಡು, ಅದೂ ಅಡುಗೆ ಪುಸ್ತಕ ಓದಿಸಿಕೊಳ್ಳೋಕೆ ಪರವಾಗಿಲ್ಲ ಅನ್ನೋ ಕಾರಣಕ್ಕೆ.

ಮೊನ್ನೆ ಅದರ ಚಂದಾ ರದ್ದು ಮಾಡಿದೆ. ಯಾಕೆ ಬಿಡುತ್ತಿದ್ದೀರಿ ಅಂತ ಕೇಳಿ ಒಂದು ಪಟ್ಟಿ ಕೊಟ್ಟಿತು: ದುಬಾರಿ, ಬಳಕೆ ಇಲ್ಲ, ದನಿ ಹಿಡಿಸಲಿಲ್ಲ. ನಾನು 'ಇತರೆ' ಒತ್ತಿ, 'ಅಜ್ಜಿಯೇ ಸಿಕ್ಕರು' ಅಂತ ಬರೆದು ಕಳಿಸಿದೆ.